ಓದುಗರ ಪ್ರಶ್ನೆ: ಬೀದಿ ಮೂಲೆಯ ಪಬ್ಬು ಚೆನ್ನಾಗಿದೆ ಅಂತ ಗೊತ್ತಾಗೋದು ಹೇಗೆ?

ಹೋದ ಸಂಚಿಕೇಲಿ ಇಂಗ್ಲೆಂಡಿನ ಹಳೇ ಪಬ್‌ಗಳ ಬಗ್ಗೆ ಎರಡು ಸಾಲು ಬರೆದಿದ್ದೆ. ಅದರ ಮೇಲೇ ಸುಮಾರು ಪ್ರಶ್ನೆ ಬಂದಿವೆ, ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ ಮೀಸಲು. ಒಂದೇ ಥರದ್ದನ್ನ ಸೇರಿಸಿಬಿಟ್ಟಿದೀನಿ.

ಪ್ರಶ್ನೆ: ಮಗ ಬರ್ಮಿಂಗ್‌ಹ್ಯಾಮಲ್ಲಿ ಇದಾನೆ. ನಾವು ಹೋದಾಗೆಲ್ಲ "ನಮ್ಮ ಬೀದಿ ಪಬ್ಬಿಗೆ ಹೋಗೋಣ ಬನ್ನಿ" ಅಂತಾನೆ. ನನಗೆ ಪಬ್ ಅಂದ್ರೆ ಬ್ರಿಗೇಡ್ ರೋಡು, ಕಿವಿ ತೂತಾಗೋ ಮ್ಯೂಸಿಕ್ಕು. ಅಲ್ಲಿಯದು ಬೇರೆನಾ? ಒಳ್ಳೆ ಪಬ್ ಅಂತ ಯಾವುದನ್ನ ಅಂತಾರೆ? (ಹಾಸನದಿಂದ)

ಪೂರ್ತಿ ಬೇರೆ ಸಾರ್. ಬೆಂಗಳೂರಲ್ಲಿ ಎಂಬತ್ತರ ದಶಕದಲ್ಲಿ ಶುರುವಾದ ಪಬ್‌ಗಳು ಹುಡುಗ್ರು ಊರಿನ ಆ ತುದಿಯಿಂದ ಸ್ಕೂಟರ್ ಹಾಕ್ಕೊಂಡು ಬಂದು ಪಿಚರ್ (ದೊಡ್ಡ ಜಗ್) ಬೀರ್ ತಗೊಂಡು ರಾಕ್ ಮ್ಯೂಸಿಕ್ ಕೇಳೋ ಜಾಗ, ಅದರ ಮಜಾನೇ ಬೇರೆ, ಅದನ್ನ ನಾನು ಕಡಿಮೆ ಅಂತ ಹೇಳ್ತಿಲ್ಲ. ಆದ್ರೆ ಇಂಗ್ಲೆಂಡಿನ ಬೀದಿ ಪಬ್ಬು ಅಂದ್ರೆ ಮನೆಯಿಂದ ಐದು ನಿಮಿಷ ನಡೆದು ಹೋಗೋ ಜಾಗ. ಅಕ್ಕಪಕ್ಕದ ನಾಲ್ಕು ಬೀದಿಯವರು ಬರ್ತಾರೆ, ಪ್ಲಂಬರ್ ಇರ್ತಾನೆ, ರಿಟೈರ್ ಆದ ಟೀಚರ್ ಇರ್ತಾರೆ, ನಾಯಿ ಕರ್ಕೊಂಡು ವಾಕಿಂಗ್ ಹೊರಟೋರು ಅರ್ಧ ದಾರೀಲಿ ಒಳಗೆ ಬರ್ತಾರೆ. ನಮ್ಮೂರ ಅರಳಿಕಟ್ಟೆಗೆ ಗೋಡೆ, ಬೆಂಕಿಗೂಡು, ಒಂದು ಬೀರ್ ಪಂಪು ಹಾಕಿದ್ರೆ ಏನಾಗತ್ತೋ ಹೆಚ್ಚುಕಮ್ಮಿ ಅದು.

ಒಳ್ಳೇದು ಯಾವುದು ಅಂದ್ರೆ ನನ್ನ ಅಳತೆ ಒಂದೇ. ಒಬ್ಬರೇ ಬಂದು ಕೂತವರನ್ನ ಆ ಜಾಗ ಹೇಗೆ ನೋಡ್ಕೊಳತ್ತೆ? ಮಾತು ಬೇಕಾ, ಕೌಂಟರ್ ಹತ್ರ ನಿಂತ್ರೆ ಯಾರಾದ್ರೂ ಮಳೆ ಬಗ್ಗೆ ಶುರು ಮಾಡ್ತಾರೆ. ಬೇಡ್ವಾ, ಮೂಲೇಲಿ ಪೇಪರ್ ಬಿಡಿಸ್ಕೊಂಡು ಕೂತ್ಕೊಳ್ಳಿ, ಅರ್ಧ ಪೈಂಟ್ ಬೀರಲ್ಲಿ ಎರಡು ಗಂಟೆ ಕಳೆದ್ರೂ "ಇನ್ನೇನು ಬೇಕು ಸಾರ್" ಅಂತ ಯಾರೂ ಬಂದು ನಿಂತ್ಕೊಳಲ್ಲ. ಈ ಎರಡೂ ಒಂದೇ ಛಾವಣಿ ಕೆಳಗೆ ಸಿಗೋದಿದೆಯಲ್ಲ, ಅದು ತಾನಾಗೇ ಆಗಲ್ಲ, ನಡೆಸೋರು ಮಾಡ್ಬೇಕು. ಇಲ್ಲಿ ಅವರನ್ನ ಲ್ಯಾಂಡ್‌ಲಾರ್ಡ್, ಲ್ಯಾಂಡ್‌ಲೇಡಿ ಅಂತಾರೆ, ಸಾಮಾನ್ಯವಾಗಿ ಪಬ್ಬಿನ ಮೇಲಿನ ಮಹಡೀಲೇ ವಾಸ. ಒಳ್ಳೆ ಲ್ಯಾಂಡ್‌ಲೇಡಿಗೆ ಯಾರ ಹೆಂಡ್ತಿ ಹೋದ ತಿಂಗಳು ತೀರ್‌ಕೊಂಡ್ರು, ಯಾರಿಗೆ ಇವತ್ತು ಮೂರನೇ ಗ್ಲಾಸ್ ಕೊಡಬಾರದು, ಯಾವ ಇಬ್ಬರನ್ನ ಅಕ್ಕಪಕ್ಕ ಕೂರಿಸಬಾರದು ಎಲ್ಲ ಗೊತ್ತಿರತ್ತೆ. ನಾನು ಹೋಗೋ ಪಬ್ಬಲ್ಲಿ ದಿನಾ ಸಂಜೆ ಬರ್ತಿದ್ದ ಅಜ್ಜ ಒಂದು ದಿನ ಬರಲಿಲ್ಲ ಅಂತ ಆಯಮ್ಮ ಏಪ್ರನ್ ಬಿಚ್ಚಿಟ್ಟು ಅವರ ಮನೆ ಬಾಗಿಲು ತಟ್ಟೋಕೆ ಹೋಗಿದ್ದನ್ನ ನಾನೇ ನೋಡಿದೀನಿ. ಅಜ್ಜಂಗೆ ನೆಗಡಿ ಅಷ್ಟೇ, ಆದ್ರೆ ಆ ಊರಲ್ಲಿ ಅವತ್ತು ಅವರನ್ನ ಹುಡುಕಿಕೊಂಡು ಹೋಗಿದ್ದು ಆಯಮ್ಮ ಒಬ್ಬರೇ.

ಎರಡನೇದು ಕೋಣೆಗಳು. ಹಳೇ ಪಬ್ಬು ಒಂದೇ ದೊಡ್ಡ ಹಾಲ್ ಅಲ್ಲ. ಗಲಾಟೆ, ಡಾರ್ಟ್ಸ್, ಡಾಮಿನೋಸ್ (ಚುಕ್ಕಿ ಬಿಲ್ಲೆಗಳ ಆಟ) ಎಲ್ಲ ಇರೋ ಪಬ್ಲಿಕ್ ಬಾರ್ ಒಂದು, ಮೆತ್ತನೆ ಸೀಟಿನ ಸಲೂನ್ ಬಾರ್ ಒಂದು, ನಾಲ್ಕೈದು ಜನ ಹಿಡಿಯೋ ಸ್ನಗ್ ಅನ್ನೋ ಪುಟ್ಟ ಕೋಣೆ ಒಂದು. ಲಂಡನ್ನಿನ ಮೈಡಾ ವೇಲ್‌ನಲ್ಲಿ ಪ್ರಿನ್ಸ್ ಆಲ್ಫ್ರೆಡ್ ಅಂತ ವಿಕ್ಟೋರಿಯಾ ಕಾಲದ ಪಬ್ ಇದೆ, ಬಾರ್ ಸುತ್ತ ಮರದ ಪಾರ್ಟಿಶನ್ ಹಾಕಿ ವಿಂಗಡಿಸಿದಾರೆ, ಒಂದರಿಂದ ಇನ್ನೊಂದಕ್ಕೆ ಹೋಗೋಕೆ ಸೊಂಟದೆತ್ತರದ ಬಾಗಿಲು, ಬಗ್ಗಿ ನುಸುಳಬೇಕು. ಬ್ಲೂಮ್ಸ್‌ಬರಿಯ ಲ್ಯಾಂಬ್ ಪಬ್ಬಲ್ಲಿ ಕೌಂಟರ್ ಮೇಲೆ ಮುಖದ ಎತ್ತರಕ್ಕೆ ಚಿತ್ತಾರ ಕೊರೆದ ಗಾಜಿನ ಪುಟ್ಟ ಪುಟ್ಟ ಕಿಟಕಿಗಳು ಇನ್ನೂ ಇವೆ, ಅವನ್ನ ತಿರುಗಿಸಿ ಮುಚ್ಚಿಕೊಂಡ್ರೆ ಬೀರ್ ಕೊಡೋರಿಗೂ ನಿಮ್ಮ ಮುಖ ಕಾಣಲ್ಲ. ಎಪ್ಪತ್ತರ ದಶಕದ ಹೊತ್ತಿಗೆ ಎಷ್ಟೋ ಪಬ್‌ಗಳಲ್ಲಿ ಈ ಗೋಡೆಗಳನ್ನೆಲ್ಲ ಒಡೆದು ಒಂದೇ ಹಾಲ್ ಮಾಡಿಬಿಟ್ರು, ಕೆಲಸದವರು ಒಬ್ಬರೇ ನಿಂತು ಎಲ್ಲಾ ಕಡೆ ಕಣ್ಣಿಡಬಹುದು ಅಂತ. ನನಗೆ ಇದು ದೊಡ್ಡ ನಷ್ಟ ಅನ್ಸತ್ತೆ. ಟೀವೀಲಿ ಫುಟ್‌ಬಾಲ್ ಹಾಕಿದ್ರೆ ಈಗ ಇಡೀ ಪಬ್ಬೇ ಫುಟ್‌ಬಾಲ್ ನೋಡ್ಬೇಕು.

ಪ್ರಶ್ನೆ: ಇಂಗ್ಲೆಂಡಲ್ಲಿ ಬಿಸಿ ಬೀರ್ ಕುಡೀತಾರಂತೆ, ನಿಜಾನಾ? ಜೊತೆಗೆ ಇನ್ನೊಂದು, ಬೀರಿಗೆ ಮೀನು ಹಾಕ್ತಾರೆ ಅಂತ ಯಾರೋ ಹೇಳಿದ್ರು, ನಾನು ಸಸ್ಯಾಹಾರಿ. (ಮೈಸೂರು)

ಬಿಸಿ ಅಲ್ಲ, ನೆಲಮಾಳಿಗೆಯ ತಂಪು, ಅಂದ್ರೆ 11ರಿಂದ 13 ಡಿಗ್ರಿ. ನಮಗೆ ಫ್ರಿಜ್ಜಿಂದ ತೆಗೆದ ಬೀರ್ ಅಭ್ಯಾಸ ಆಗಿರೋದ್ರಿಂದ ಮೊದಲ ಗುಟುಕಿಗೆ ಸಪ್ಪೆ ಅನ್ಸತ್ತೆ. ಆದ್ರೆ ಕಾಸ್ಕ್ ಏಲ್ ಅನ್ನೋ ಈ ಬೀರನ್ನ ಐಸ್ ಥರ ತಣ್ಣಗೆ ಮಾಡಿದ್ರೆ ಮಾಲ್ಟು (ಮೊಳಕೆ ಬರಿಸಿದ ಬಾರ್ಲಿ), ಹಾಪ್ಸು (ಕಹಿ ಕೊಡೋ ಹೂವು) ಯಾವುದರ ರುಚೀನೂ ನಾಲಿಗೆಗೆ ಹತ್ತಲ್ಲ.

ಇದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಪಬ್ಬು ಒಳ್ಳೇದೋ ಅಲ್ವೋ ಅನ್ನೋದು ಅರ್ಧ ಈ ನೆಲಮಾಳಿಗೇಲೇ ತೀರ್ಮಾನ ಆಗತ್ತೆ. ಕಾರ್ಖಾನೆಯಿಂದ ಪೀಪಾಯಿ ಬರೋವಾಗ ಒಳಗೆ ಯೀಸ್ಟ್ ಇನ್ನೂ ಜೀವಂತ ಇರತ್ತೆ, ಬೀರು ಪೀಪಾಯಿ ಒಳಗೇ ಇನ್ನೊಂದು ಸುತ್ತು ಹುದುಗು ಬರತ್ತೆ, ಸೋಸಿರಲ್ಲ, ಪಾಶ್ಚರೀಕರಣ ಮಾಡಿರಲ್ಲ, ಹೊರಗಿಂದ ಗ್ಯಾಸ್ ತುಂಬಿರಲ್ಲ. ಪಬ್ಬಿನವರು ಅದನ್ನ ಅಡ್ಡ ಮಲಗಿಸಿ, ಮೇಲಿನ ತೂತಿಗೆ ಮೆತ್ತನೆ ಮರದ ಚಿಕ್ಕ ಗೂಟ ಹೊಡೀತಾರೆ, ಅದರ ಸಂದಿಯಿಂದ ಹೆಚ್ಚಿನ ಗ್ಯಾಸು ನೊರೆ ಬರ್ತಾ ಬರ್ತಾ ಆಚೆ ಹೋಗತ್ತೆ. ಆಮೇಲೆ ಮೆತ್ತನೆ ಗೂಟ ತೆಗೆದು ಗಟ್ಟಿ ಗೂಟ ಹಾಕಿ ಬಿಟ್ಟುಬಿಡೋದು. ಗಷ್ಟು ಕೆಳಗೆ ಕೂತು ಬೀರ್ ತಿಳಿಯಾಗೋಕೆ ಒಂದು ದಿನ, ಕೆಲವಕ್ಕೆ ಎರಡು ದಿನ. ಯಾವಾಗ ತೆಗೀಬೇಕು ಅನ್ನೋದು ನಡೆಸೋರ ಅನುಭವ, ಅವಸರ ಮಾಡಿದ್ರೆ ಮಡ್ಡಿ, ತಡ ಮಾಡಿದ್ರೆ ಚಪ್ಪೆ. ಮೇಲೆ ಕೌಂಟರಲ್ಲಿ ಉದ್ದ ಹಿಡಿ ಇರೋ ಹ್ಯಾಂಡ್ ಪಂಪ್ ಎಳೆದು ಗ್ಲಾಸಿಗೆ ತುಂಬ್ತಾರೆ. ಉತ್ತರದ ಕಡೆ, ಯಾರ್ಕ್‌ಷೈರ್ ಅಲ್ಲೆಲ್ಲ, ನಲ್ಲಿ ತುದಿಗೆ ಸಣ್ಣ ತೂತಿನ ಸ್ಪಾರ್ಕ್ಲರ್ ಹಾಕಿರ್ತಾರೆ, ಕೆನೆ ಥರ ನೊರೆ ಬರತ್ತೆ, ದಕ್ಷಿಣದವರಿಗೆ ಅದು ಇಷ್ಟ ಇಲ್ಲ, ಈ ವಿಷಯಕ್ಕೆ ರಾತ್ರಿಯೆಲ್ಲ ವಾದ ಮಾಡ್ತಾರೆ.

ಮುಖ್ಯ ವಿಷಯ ಏನಂದ್ರೆ ಒಂದು ಸಲ ಪೀಪಾಯಿ ತೆರೆದ್ರೆ ಒಳಗೆ ಗಾಳಿ ಹೋಗತ್ತೆ, ಮೂರು ದಿನದೊಳಗೆ ಖಾಲಿ ಆಗ್ಬೇಕು, ಇಲ್ಲಾಂದ್ರೆ ವಿನೆಗರ್ ವಾಸನೆ ಶುರು. ಫರ್ಕಿನ್ ಅನ್ನೋ ಮಾಮೂಲಿ ಪೀಪಾಯೀಲಿ 9 ಗ್ಯಾಲನ್, ಅಂದ್ರೆ 72 ಪೈಂಟ್, ಒಂದು ಪೈಂಟಿಗೆ 568 ಎಂಎಲ್. ಲೆಕ್ಕ ಹಾಕಿ ನೋಡಿ, ಬೀದಿ ಮೂಲೆಯ ಚಿಕ್ಕ ಪಬ್ಬು ಹತ್ತು ಪಂಪ್ ಸಾಲಾಗಿ ಇಟ್ಟಿದ್ರೆ ಅಷ್ಟೂ ಮೂರು ದಿನದಲ್ಲಿ ಹೇಗೆ ಖರ್ಚಾಗತ್ತೆ? ಹಾಗಾಗಿ ಮೂರೇ ಪಂಪ್ ಇದ್ದು ಮೂರೂ ತಾಜಾ ಇರೋ ಪಬ್ಬನ್ನ ನಾನು ಕಣ್ಮುಚ್ಚಿ ನಂಬ್ತೀನಿ. ಕುಡಿದ ಗ್ಲಾಸಿನ ಒಳಮೈಗೆ ಒಂದೊಂದು ಗುಟುಕಿಗೂ ನೊರೆಯ ಬಳೆ ಅಂಟಿಕೊಂಡು ಉಳಿದಿದ್ರೆ ಗ್ಲಾಸು ಸರಿಯಾಗಿ ತೊಳೆದಿದಾರೆ ಅಂತ ತಿಳ್ಕೊಳ್ಳಿ. ಹುಳಿ ಬಂದಿದ್ರೆ ವಾಪಸ್ ಕೊಡಿ, ಒಳ್ಳೆ ಪಬ್ಬಲ್ಲಿ ವಾದ ಮಾಡಲ್ಲ, ಬೇರೆ ತುಂಬಿಸಿ ಕೊಡ್ತಾರೆ.

ಈ ಬೀರು ಇವತ್ತು ಉಳಿದಿರೋದಕ್ಕೆ ಕಾಮ್ರಾ ಅನ್ನೋ ಗ್ರಾಹಕರ ಸಂಘಟನೆ ದೊಡ್ಡ ಕಾರಣ. ದೊಡ್ಡ ಕಂಪನಿಗಳೆಲ್ಲ ಗ್ಯಾಸ್ ತುಂಬಿದ ಕೆಗ್ ಬೀರ್ ಕಡೆ ಹೊರಟಿದ್ದಾಗ 1971ರಲ್ಲಿ ನಾಲ್ಕು ಜನ ಸ್ನೇಹಿತರು ಶುರು ಮಾಡಿದ್ದು, ಅದೂ ಐರ್ಲೆಂಡಿಗೆ ರಜೆಗೆ ಹೋಗಿದ್ದಾಗ ಅಲ್ಲೊಂದು ಬಾರಲ್ಲಿ ಕೂತು.

ಮೀನಿನ ವಿಷಯ ನಿಜ. ಬೀರ್ ಬೇಗ ತಿಳಿಯಾಗಲಿ ಅಂತ ಐಸಿಂಗ್ಲಾಸ್ ಹಾಕ್ತಾರೆ, ಅದು ಮೀನಿನ ಗಾಳಿಚೀಲದಿಂದ ಮಾಡಿದ್ದು. ಗಷ್ಟಿನ ಜೊತೆ ಅದೂ ತಳಕ್ಕೆ ಕೂರತ್ತೆ ನಿಜ, ಆದ್ರೂ ಸಸ್ಯಾಹಾರಿಗಳಿಗೆ ಅದು ಸಮಾಧಾನ ಕೊಡಲ್ಲ. ಈಗ ಐಸಿಂಗ್ಲಾಸ್ ಹಾಕದ ಬೀರುಗಳು ಬೇಕಾದಷ್ಟು ಬಂದಿವೆ, ಪಂಪಿನ ಬಿಲ್ಲೆ ಮೇಲೆ ವೀಗನ್ ಅಂತ ಬರೆದಿರತ್ತೆ, ಇಲ್ಲಾಂದ್ರೆ ಕೇಳಿ. ಕೇಳಿದ್ರೆ ಯಾರೂ ವಿಚಿತ್ರವಾಗಿ ನೋಡಲ್ಲ.

ಪ್ರಶ್ನೆ: ನಾನು ಕುಡಿಯಲ್ಲ. ಹೆಂಗಸು ಬೇರೆ. ಗಂಡನ ಆಫೀಸಿನವರೆಲ್ಲ ಪಬ್ಬಲ್ಲೇ ಸೇರ್ತಾರೆ, ಹೋದ್ರೆ ಏನು ಮಾಡ್ಲಿ? (ಉಡುಪಿಯವರು, ಈಗ ರೆಡಿಂಗ್‌ನಲ್ಲಿ)

ಧೈರ್ಯವಾಗಿ ಹೋಗಿ. ಲೈಮ್ ಸೋಡಾ ಕೇಳಿ, ಕಾಫಿ ಕೇಳಿ, ಆಲ್ಕೋಹಾಲ್ ಇಲ್ಲದ ಬೀರೂ ಈಗ ಎಲ್ಲಾ ಕಡೆ ಸಿಗತ್ತೆ. ಯಾಕೆ ಕುಡಿಯಲ್ಲ ಅಂತ ಮತ್ತೆ ಮತ್ತೆ ಕೇಳೋ ಪಬ್ಬು ಒಳ್ಳೆ ಪಬ್ಬೇ ಅಲ್ಲ. ಟೇಬಲ್ಲಿಗೆ ಯಾರಾದ್ರೂ ಚಿಪ್ಸ್ ಪ್ಯಾಕೆಟ್ ತಂದು ಅದರ ಬದಿ ಹೊಲಿಗೆ ಪೂರ್ತಿ ಹರಿದು, ಒಳಗಿನ ಬೆಳ್ಳಿ ಬಣ್ಣ ಮೇಲೆ ಬರೋ ಹಾಗೆ ತಟ್ಟೆ ಥರ ಬಿಡಿಸಿ ಮಧ್ಯದಲ್ಲಿ ಇಟ್ರು ಅಂದ್ರೆ ನೀವೂ ತಗೊಳ್ಳಿ ಅಂತ ಅರ್ಥ, ಬಾಯಿಬಿಟ್ಟು ಕರೆಯಲ್ಲ. ಪೋರ್ಕ್ ಸ್ಕ್ರ್ಯಾಚಿಂಗ್ಸ್ ಅನ್ನೋ ಪ್ಯಾಕೆಟ್ ಮಾತ್ರ ನೋಡ್ಕೊಳ್ಳಿ, ಅದು ಹುರಿದ ಹಂದಿ ಚರ್ಮ.

ಹೆಂಗಸರ ವಿಷಯಕ್ಕೆ ಬಂದ್ರೆ ನಿಮ್ಮ ಅಳುಕು ಆಧಾರ ಇಲ್ಲದ್ದಲ್ಲ. ಲಂಡನ್ನಿನ ಫ್ಲೀಟ್ ಸ್ಟ್ರೀಟಲ್ಲಿ, ಪತ್ರಕರ್ತರು ವಕೀಲರೇ ತುಂಬಿರ್ತಿದ್ದ ಎಲ್ ವೀನೋ ಅನ್ನೋ ವೈನ್ ಬಾರಲ್ಲಿ ಹೆಂಗಸರು ಕೌಂಟರ್ ಹತ್ರ ನಿಂತು ಕೇಳೋ ಹಾಗಿರಲಿಲ್ಲ, ಹಿಂದಿನ ಕೋಣೇಲಿ ಕೂತ್ಕೋಬೇಕಿತ್ತು. ಇಬ್ಬರು ಮಹಿಳೆಯರು ಕೋರ್ಟಿಗೆ ಹೋಗಿ ಅದು ಕಾನೂನುಬಾಹಿರ ಅಂತ ತೀರ್ಪು ತಂದಿದ್ದು 1982ರಲ್ಲಿ. ಮೊನ್ನೆ ಮೊನ್ನೆ ಅಂದ್ರೂ ತಪ್ಪಿಲ್ಲ. ಈಗ ಒಬ್ಬಳೇ ಹೋಗಿ ಪುಸ್ತಕ ಓದ್ತಾ ಕೂರೋ ಹೆಂಗಸರನ್ನ ನಾನು ದಿನಾ ನೋಡ್ತೀನಿ, ಯಾವುದಾದ್ರೂ ಪಬ್ಬಲ್ಲಿ ಅದು ಕಾಣ್ತಿಲ್ಲ ಅಂದ್ರೆ ಆ ಪಬ್ಬಲ್ಲಿ ಏನೋ ಸರಿಯಿಲ್ಲ ಅಂತ ನಾನು ಲೆಕ್ಕ ಹಾಕ್ತೀನಿ.

ಪ್ರಶ್ನೆ: ವೇಟರ್ ಬರ್ತಾನೆ ಅಂತ ಕಾಯ್ತಾ ಕೂತೆ, ಯಾರೂ ಬರಲೇ ಇಲ್ಲ. ರೀತಿನೀತಿ ಏನು? (ಧಾರವಾಡದ ವಿದ್ಯಾರ್ಥಿ, ಲೀಡ್ಸ್)

ಬರಲ್ಲಪ್ಪಾ, ನೀವೇ ಕೌಂಟರಿಗೆ ಹೋಗ್ಬೇಕು, ದುಡ್ಡೂ ಅಲ್ಲೇ ಆಗಿಂದಾಗಲೇ ಕೊಡೋದು. ಕ್ಯೂ ಕಾಣಲ್ಲ, ಆದ್ರೆ ಇದೆ, ಯಾರು ಮೊದಲು ಬಂದ್ರು ಅನ್ನೋದು ಬಾರ್ ಒಳಗಿರೋರ ತಲೇಲಿ ಇರತ್ತೆ, ಮರೆತ್ರೆ ಪಕ್ಕದವರೇ "ಇವರು ನನಗಿಂತ ಮೊದಲು" ಅಂತ ನಿಮ್ಮನ್ನ ತೋರಿಸ್ತಾರೆ. ಕಣ್ಣು ಸೇರಿಸಿದ್ರೆ ಸಾಕು, ನೋಟು ಬೀಸೋದು, ಕೂಗೋದು, ಚಿಟಿಕೆ ಹೊಡೆಯೋದು ಯಾವುದೂ ಬೇಡ. ಗೆಳೆಯರ ಜೊತೆ ಹೋದ್ರೆ ರೌಂಡ್ ಪದ್ಧತಿ, ಒಬ್ಬರು ಎಲ್ಲರಿಗೂ ತರ್ತಾರೆ, ಮುಂದಿನದು ಇನ್ನೊಬ್ಬರು. ನಿಮ್ಮ ಸರದಿ ಬಂದಾಗ ಏಳಲೇಬೇಕು, ಇದೊಂದನ್ನ ತಪ್ಪಿಸಿದ್ರೆ ವರ್ಷಗಟ್ಟಲೆ ನೆನಪಿಟ್ಕೊಳ್ತಾರೆ. ಆರು ಜನ ಇದ್ದು ಆರು ಸುತ್ತು ಕುಡಿಯೋಕಾಗಲ್ಲ ಅನ್ಸಿದ್ರೆ ಮೊದಲೇ ಹೇಳಿ ನಿಮ್ಮದು ನೀವು ತಗೊಳ್ಳಿ, ಅದೂ ಮರ್ಯಾದೆಯೇ. ಕೌಂಟರಲ್ಲಿ ಟಿಪ್ಸ್ ಇಡೋ ರೂಢಿ ಇಲ್ಲ, ಖುಷಿಯಾದ್ರೆ "ನಿಮಗೂ ಒಂದು ತಗೊಳ್ಳಿ" ಅನ್ನಿ. ಗಂಟೆ ಬಾರಿಸಿದ್ರೆ ಕೊನೇ ಆರ್ಡರ್ ಅಂತ, ಎರಡನೇ ಸಲ ಬಾರಿಸಿದ್ರೆ ಕುಡಿದು ಮುಗಿಸಿ ಹೊರಡಿ ಅಂತ.

ಪ್ರಶ್ನೆ: ಹಳೇ ಪಬ್ಬು, ಬೀದಿಯವರೆಲ್ಲ ಸೇರೋ ಜಾಗ ಅಂತ ಹೊಗಳ್ತೀರಿ. ಆ ಕಾಲದಲ್ಲಿ ಭಾರತದಿಂದ ಹೋದವರನ್ನ ಒಳಗೆ ಬಿಡ್ತಿದ್ರಾ? (ತುಮಕೂರು)

ಒಳ್ಳೆ ಪ್ರಶ್ನೆ, ಇದನ್ನ ಬಿಟ್ಟು ಪಬ್ಬಿನ ಬಗ್ಗೆ ಬರೆದ್ರೆ ಅನ್ಯಾಯ ಆಗತ್ತೆ. ಎಷ್ಟೋ ಕಡೆ ಬಿಡ್ತಿರಲಿಲ್ಲ, ಇಲ್ಲಾ ಅರ್ಧ ಬಿಡ್ತಿದ್ರು. ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆಥಿಕ್‌ನಲ್ಲಿ ಪಂಜಾಬಿನಿಂದ ಬಂದವರು ಫೌಂಡ್ರಿಗಳಲ್ಲಿ ಕಬ್ಬಿಣ ಕರಗಿಸೋ ಕೆಲಸ ಮಾಡ್ತಿದ್ರು, ದಿನವಿಡೀ ಬೆಂಕಿ ಮುಂದೆ ಬೆಂದು ಸಂಜೆ ಒಂದು ಪೈಂಟ್ ಕುಡಿಯೋಣ ಅಂತ ಹೋದ್ರೆ ಪಬ್ಲಿಕ್ ಬಾರಲ್ಲಿ ಮಾತ್ರ ಕೊಡೋರು, ಚೆನ್ನಾಗಿರೋ ಕೋಣೆ ಬಿಳಿಯರಿಗೆ ಮಾತ್ರ. ನಾನು ಮೇಲೆ ಅಷ್ಟು ಪ್ರೀತಿಯಿಂದ ಹೇಳಿದ ಕೋಣೆಗಳಿವೆಯಲ್ಲ, ಅವನ್ನೇ ಬಣ್ಣ ನೋಡಿ ಬೇರೆ ಮಾಡೋಕೂ ಬಳಸಿದ್ರು. ಇಂಡಿಯನ್ ವರ್ಕರ್ಸ್ ಅಸೋಸಿಯೇಶನ್ನಿನ ಅವತಾರ್ ಸಿಂಗ್ ಜೋಹ್ಲ್ ಮತ್ತು ಜೊತೆಗಾರರು ಬಿಳಿ ವಿದ್ಯಾರ್ಥಿಗಳನ್ನ ಜೊತೆಗೆ ಕರ್ಕೊಂಡು ಈ ಪಬ್‌ಗಳಿಗೆ ಹೋಗಿ ತಾರತಮ್ಯವನ್ನ ಬಯಲು ಮಾಡ್ತಿದ್ರು. ಅವರ ಆಹ್ವಾನದ ಮೇಲೆ 1965ರ ಫೆಬ್ರವರಿ 12ರಂದು ಅಮೆರಿಕದ ಕರಿಯರ ಹಕ್ಕುಗಳ ಹೋರಾಟಗಾರ ಮಾಲ್ಕಮ್ ಎಕ್ಸ್ ಸ್ಮೆಥಿಕ್‌ಗೆ ಬಂದ್ರು, ಬ್ಲೂ ಗೇಟ್ಸ್ ಅನ್ನೋ ಪಬ್ಬಿಗೂ ಹೋದ್ರು, ಒಳಕೋಣೇಲಿ ಅವರಿಗೂ ಕೊಡಲಿಲ್ಲ. ಒಂಬತ್ತು ದಿನಕ್ಕೆ ನ್ಯೂಯಾರ್ಕಲ್ಲಿ ಅವರ ಕೊಲೆ ಆಯ್ತು. ಅದೇ ವರ್ಷ ಬಂದ ರೇಸ್ ರಿಲೇಶನ್ಸ್ ಆಕ್ಟ್ ಪಬ್ಬು, ಹೋಟೆಲುಗಳಲ್ಲಿ ಇಂಥ ತಾರತಮ್ಯ ಮಾಡೋ ಹಾಗಿಲ್ಲ ಅಂತು.

ಕಾನೂನು ಬಂದ ಮಾತ್ರಕ್ಕೆ ಮನಸ್ಸು ಬದಲಾಗಲ್ಲ, ಆದ್ರೆ ಆ ಫೌಂಡ್ರಿ ಕೆಲಸದವರ ಸಮುದಾಯದವರೇ ಮುಂದೆ ಒಂದೊಂದಾಗಿ ಪಬ್ಬುಗಳನ್ನ ತಗೊಂಡು ನಡೆಸೋಕೆ ಶುರು ಮಾಡಿದ್ರು. ಅವೇ ಇವತ್ತಿನ ದೇಸಿ ಪಬ್ಬುಗಳು. ಸ್ಮೆಥಿಕ್, ವೆಸ್ಟ್ ಬ್ರಾಮಿಚ್ ಕಡೆ ಹೋದ್ರೆ ಅದೇ ಹಳೇ ಮರದ ಕೌಂಟರು, ಅದೇ ಡಾರ್ಟ್ ಬೋರ್ಡು, ಅಡುಗೆಮನೆಯಿಂದ ಮಾತ್ರ ತಂದೂರಿ ಹೊಗೆ, ಚುಯ್ ಅನ್ನೋ ತಟ್ಟೇಲಿ ಮಿಕ್ಸೆಡ್ ಗ್ರಿಲ್. ಹಳೇ ಬಿಳಿ ಗಿರಾಕಿಗಳೂ ಬಿಟ್ಟು ಹೋಗಿಲ್ಲ, ಪಂಜಾಬಿ ಅಜ್ಜಂದಿರ ಜೊತೆ ಕೂತು ಡಾಮಿನೋಸ್ ಆಡ್ತಾರೆ. ಹಾಸನದ ಸಾರ್, ಮಗನಿಗೆ ಹೇಳಿ ಅಲ್ಲಿಗೊಮ್ಮೆ ಕರ್ಕೊಂಡು ಹೋಗೋಕೆ, ಬರ್ಮಿಂಗ್‌ಹ್ಯಾಮಿಂದ ಹತ್ರ.

ಪ್ರಶ್ನೆ: ರೆಡ್ ಲಯನ್, ವೈಟ್ ಹಾರ್ಟ್, ರಾಯಲ್ ಓಕ್... ಊರೂರಿಗೂ ಅದೇ ಹೆಸರುಗಳು ಯಾಕೆ? (ಸಾಗರ)

ಓದು ಬರದವರಿಗೂ ಗೊತ್ತಾಗಲಿ ಅಂತ ಚಿತ್ರದ ಬೋರ್ಡು. ವೈಟ್ ಹಾರ್ಟ್ ಅಂದ್ರೆ ಬಿಳಿ ಜಿಂಕೆ, ಎರಡನೇ ರಿಚರ್ಡ್ ರಾಜನ ಲಾಂಛನ. ರಾಯಲ್ ಓಕ್ ಅಂದ್ರೆ 1651ರಲ್ಲಿ ವೂಸ್ಟರ್ ಯುದ್ಧ ಸೋತ ಎರಡನೇ ಚಾರ್ಲ್ಸ್ ಅಡಗಿ ಕೂತ ಮರ.

ಪ್ರಶ್ನೆ: ಪಬ್ಬುಗಳೆಲ್ಲ ಮುಚ್ಚಿ ಹೋಗ್ತಿವೆ ಅಂತ ಓದಿದೆ. ಯಾಕೆ? ಯಾರಾದ್ರೂ ಉಳಿಸೋ ಪ್ರಯತ್ನ ಮಾಡ್ತಿದಾರಾ? (ಬೆಳಗಾವಿ, ಇನ್ನೂ ಕೆಲವರು)

2000ದಲ್ಲಿ ಬ್ರಿಟನ್ನಲ್ಲಿ ಸುಮಾರು 60 ಸಾವಿರ ಪಬ್ಬು ಇದ್ವು, ಈಗ 45 ಸಾವಿರದ ಆಸುಪಾಸು. ಎಲ್ಲರೂ ಹೇಳೋ ಕಾರಣಗಳು ನಿಜವೇ: ಸೂಪರ್‌ಮಾರ್ಕೆಟ್ಟಲ್ಲಿ ಬೀರು ಅಗ್ಗ, ತೆರಿಗೆ ಜಾಸ್ತಿ, ಕರೆಂಟು ಗ್ಯಾಸು ಬಿಲ್ಲು, 2007ರ ಜುಲೈಯಿಂದ ಇಂಗ್ಲೆಂಡಲ್ಲಿ ಒಳಗೆ ಸಿಗರೇಟು ನಿಷೇಧ (ಇದು ನನಗೆ ಒಳ್ಳೇದೇ ಆಯ್ತು ಅನ್ಸತ್ತೆ). ಆದ್ರೆ ಕಡಿಮೆ ಮಾತಾಡೋ ಕಾರಣ ಒಂದಿದೆ, ಕಟ್ಟಡ ಯಾರದ್ದು ಅನ್ನೋದು. ಮೊದಲು ಬಹಳಷ್ಟು ಪಬ್ಬುಗಳು ಬೀರ್ ತಯಾರಿಸೋ ಕಂಪನಿಗಳವು. ಅವರ ಹಿಡಿತ ಸಡಿಲ ಮಾಡೋಕೆ ಅಂತ 1989ರಲ್ಲಿ ಸರ್ಕಾರ ಆದೇಶ ತಂತು, ಆಗ ಅವರು ಮಾರಿದ ಸಾವಿರಾರು ಪಬ್ಬುಗಳನ್ನ ಬೀರ್ ಮಾಡದ, ಬರೀ ಆಸ್ತಿ ಇಟ್ಟುಕೊಳ್ಳೋ ಕಂಪನಿಗಳು ಕೊಂಡವು. ನಡೆಸೋರು ಬಾಡಿಗೇನೂ ಕಟ್ಟಬೇಕು, ಬೀರನ್ನೂ ಅವರು ಹೇಳಿದ ಕಡೆಯಿಂದಲೇ, ಅವರು ಹೇಳಿದ ರೇಟಿಗೇ ತರಬೇಕು. 2016ರಲ್ಲಿ ಬಂದ ಪಬ್ಸ್ ಕೋಡ್ ಅನ್ನೋ ನಿಯಮಾವಳಿ ಇದನ್ನ ಸ್ವಲ್ಪ ಸರಿ ಮಾಡಿದೆ. ಅದಕ್ಕಿಂತ ದೊಡ್ಡ ಕಾಟ ಜಾಗದ ಬೆಲೆ, ಪಬ್ಬು ನಡೆಸೋದಕ್ಕಿಂತ ಒಡೆದು ಫ್ಲ್ಯಾಟ್ ಕಟ್ಟಿದ್ರೆ ಹೆಚ್ಚು ದುಡ್ಡು.

ಕಾರ್ಲ್‌ಟನ್ ಟ್ಯಾವರ್ನ್ ಕಥೆ ಕೇಳಿ. ಲಂಡನ್ನಿನ ಮೈಡಾ ವೇಲ್‌ ಹತ್ರ 1920ರ ದಶಕದ ಶುರುವಿನಲ್ಲಿ ಕಟ್ಟಿದ್ದು, ಎರಡನೇ ಮಹಾಯುದ್ಧದ ಬಾಂಬ್ ದಾಳೀನೂ ತಡ್ಕೊಂಡು ನಿಂತಿತ್ತು. ಮಾಲೀಕರು ಫ್ಲ್ಯಾಟ್ ಕಟ್ಟೋಕೆ ಪರ್ಮಿಶನ್ ಕೇಳಿದ್ರು, ಕೌನ್ಸಿಲ್ ಕೊಡಲಿಲ್ಲ. ಇನ್ನೇನು ಸಂರಕ್ಷಿತ ಕಟ್ಟಡದ ಪಟ್ಟಿಗೆ ಸೇರಬೇಕು ಅನ್ನೋ ಹೊತ್ತಲ್ಲಿ, 2015ರ ಏಪ್ರಿಲಲ್ಲಿ, ಬುಲ್ಡೋಜರ್ ತಂದು ಕೆಡವಿಬಿಟ್ರು. ದಂಡ ಹಾಕಿ ಮುಗಿಸ್ತಾರೆ ಅಂತ ಅಂದ್ಕೊಂಡಿದ್ರೋ ಏನೋ. ಬೀದಿಯವರು ಬಿಡಲಿಲ್ಲ. ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆ ಮೊದಲೇ ಕಟ್ಟಡದ ವಿವರವೆಲ್ಲ ದಾಖಲೆ ಮಾಡಿಟ್ಟಿತ್ತು, ಅದನ್ನ ಹಿಡ್ಕೊಂಡು ಹೋರಾಡಿದ್ರು, ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್ "ಮೊದಲು ಹೇಗಿತ್ತೋ ಹಾಗೇ, ಇಟ್ಟಿಗೆ ಇಟ್ಟಿಗೆ ಮತ್ತೆ ಕಟ್ಟಿಕೊಡಿ" ಅಂತ ಆದೇಶ ಮಾಡ್ತು, ಮೇಲ್ಮನವೀಲೂ ಅದೇ ಉಳೀತು. 2021ರ ಏಪ್ರಿಲಲ್ಲಿ ಅದೇ ಜಾಗದಲ್ಲಿ ಅದೇ ಕಾರ್ಲ್‌ಟನ್ ಟ್ಯಾವರ್ನ್ ಬಾಗಿಲು ತೆರೀತು. ಕಟ್ಟಡ ಕೆಡವಿದ ಮೇಲೆ ಇನ್ನೇನಿದೆ ಅಂತ ಕೈಚೆಲ್ಲೋ ನಮ್ಮೂರುಗಳಿಗೆ ಇದನ್ನ ಓದಿ ಹೇಳ್ಬೇಕು ಅನ್ಸತ್ತೆ ನನಗೆ.

ಬೀದಿಯವರೇ ಕೊಂಡ ಪಬ್ಬುಗಳೂ ಇವೆ. 2011ರ ಲೋಕಲಿಸಂ ಆಕ್ಟ್ ಪ್ರಕಾರ ಜನ ಒಂದು ಜಾಗವನ್ನ ಸಮುದಾಯದ ಆಸ್ತಿ ಅಂತ ಕೌನ್ಸಿಲಲ್ಲಿ ನೋಂದಾಯಿಸಬಹುದು, ಮಾರಾಟಕ್ಕೆ ಬಂದಾಗ ದುಡ್ಡು ಹೊಂದಿಸೋಕೆ ಅವರಿಗೆ ಸಮಯ ಸಿಗತ್ತೆ. ಹಾಗೆ ಮೊದಲು ಪಟ್ಟಿ ಸೇರಿದ್ದು ಲಂಡನ್ನಿನ ನನ್‌ಹೆಡ್‌ನ ಐವಿ ಹೌಸ್, 2013ರಲ್ಲಿ ಸ್ಥಳೀಯರು ಷೇರು ಹಾಕಿ ಕೊಂಡ್ರು. ಬ್ರೈಟನ್ನಿನ ಬೆವೆಂಡೀನ್ ಬಡಾವಣೇಲಿ ಪಬ್ಬು ಗಲಾಟೆ ಜಾಸ್ತಿಯಾಗಿ ಮುಚ್ಚಿಹೋಗಿತ್ತು, ಅಲ್ಲಿಯವರು ಸಹಕಾರ ಸಂಘ ಮಾಡಿ 2014ರಲ್ಲಿ ದಿ ಬೆವಿ ಅಂತ ಮತ್ತೆ ತೆರೆದ್ರು, ವಯಸ್ಸಾದವರಿಗೆ ಮಧ್ಯಾಹ್ನದ ಊಟದ ಕೂಟಾನೂ ಅಲ್ಲೇ ನಡೆಯತ್ತೆ. ಸಹಕಾರ ಸಂಘ ನಮಗೆ ಹೊಸದಾ? ಹಾಲಿನ ಡೇರಿಯಿಂದ ಹಿಡಿದು ಅಡಿಕೆ ಮಂಡಿವರೆಗೆ ಮಾಡಿದವರು ನಾವು.

ಪ್ರಶ್ನೆ: ಓದೋಕೆ ಶೆಫೀಲ್ಡ್‌ಗೆ ಹೊರಟಿದೀನಿ. ಒಂದು ಒಳ್ಳೆ ಪಬ್ಬಿನ ಹೆಸರು ಹೇಳಿ. (ಶಿವಮೊಗ್ಗ)

ಶೆಫೀಲ್ಡ್ ಅಂದ್ರೆ ನೀವು ಪುಣ್ಯವಂತರು. ಕೆಲಂ ಐಲ್ಯಾಂಡ್ ಅನ್ನೋ ಹಳೇ ಕಾರ್ಖಾನೆಗಳ ಏರಿಯಾಲಿ ಕೆಲಂ ಐಲ್ಯಾಂಡ್ ಟ್ಯಾವರ್ನ್ ಇದೆ, 2008, 2009 ಎರಡು ವರ್ಷ ಸಾಲಾಗಿ ಕಾಮ್ರಾದ ರಾಷ್ಟ್ರಮಟ್ಟದ ಪ್ರಶಸ್ತಿ ತಗೊಂಡಿದ್ದು. ಅಲ್ಲೇ ಹತ್ರ ಫ್ಯಾಟ್ ಕ್ಯಾಟ್ ಇದೆ. ಎರಡನ್ನೂ ನೋಡಿ ಬನ್ನಿ, ಆದ್ರೆ ನಿಮ್ಮ ಪಬ್ಬು ಅಂತ ಆಗೋದು ನಿಮ್ಮ ರೂಮಿಂದ ನಡೆದು ಹೋಗೋವಷ್ಟು ಹತ್ರ ಇರೋದು ಮಾತ್ರ. ಶುಕ್ರವಾರ ರಾತ್ರಿ ನೋಡಿ ತೀರ್ಮಾನ ಮಾಡಬೇಡಿ, ಅವತ್ತು ಎಲ್ಲಾ ಪಬ್ಬೂ ತುಂಬಿರತ್ತೆ. ವಾರದ ಮಧ್ಯೆ ಮಳೆ ಬರೋ ಸಂಜೆ ಹೋಗಿ, ಆಗಲೂ ಐದಾರು ಜನ ಕೂತಿದ್ರೆ, ಬಾಗಿಲು ತೆಗೆದಾಗ ಕೌಂಟರಿಂದ ಯಾರಾದ್ರೂ ತಲೆ ಎತ್ತಿ ನೋಡಿ ನಕ್ಕರೆ, ಮಾರನೇ ವಾರಾನೂ ಅಲ್ಲಿಗೇ ಹೋಗಿ. ಕ್ವಿಜ್ ಯಾವತ್ತು ಅಂತ ಕೇಳ್ಕೊಳ್ಳಿ, ತಂಡಕ್ಕೆ ಯಾವಾಗಲೂ ಒಬ್ಬರು ಕಡಿಮೆ ಇರ್ತಾರೆ, ಕ್ರಿಕೆಟ್ ಪ್ರಶ್ನೆ ಬಂದ್ರೆ ಎಲ್ಲರೂ ನಿಮ್ಮ ಕಡೆಗೇ ತಿರುಗ್ತಾರೆ, ಸ್ವಲ್ಪ ಓದ್ಕೊಂಡು ಹೋಗಿ.